ಬಾಣಂತಿಯ ಪರವಾಗಿ ಅವಳವ್ವ

ಬಾಣಂತಿಯರ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರು ನಾನು. ಆದರೆ ಚಾಮರಾಜನಗರದಲ್ಲಿ ಬಾಣಂತಿ ಬಾಯಿ ಬಿಟ್ಟರೆ ತಾನೇ ನೋಡುವುದು! ಅವತ್ತು ಉಡಿಗಾಲದಿಂದ ಬಂದ ಹುಡುಗಿ ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಬಿಗಿದುಕೊಂಡು ನೆಲ ನೋಡುತ್ತಿದ್ದಳು. ಪಕ್ಕದಲ್ಲಿ ಕೂಸನ್ನೆತ್ತಿಕೊಂಡ ಅವಳವ್ವ.

"ನಿದ್ದೆ ಬರುತ್ತೇನಮ್ಮ?" ಎಂದು ಹುಡುಗಿಯನ್ನು ಕೇಳಿದೆ.

"ಚೆನ್ನಾಗ್ ಬತ್ತದೆ," ಎಂದರು ಅವ್ವ.

"ಸುಮ್ಮಸುಮ್ಮನೆ ಅಳು ಬರುತ್ತಾ?"

"ಯಾಕ್ ಬತ್ತದೆ? ಗಂಡ್ಮಗ ಉಟ್ಟದಲ್ಲ!"

"ಅವಳೇ ಹೇಳಲಿ ಬಿಡಿ."

"ಬಾಣ್ತಿ ಜಾಸ್ತಿ ಮಾತಾಡುದ್ರೆ ಒಟ್ಟೆಗೆ ಗಾಳಿ ಸೇರ್ಕತದೆ ಕಣವ್ವಾ. ನನ್ನೇ ಕೇಳು."

ಅವ್ವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಮುಂದಿನ ಪ್ರಶ್ನೆಗೆ ಉತ್ತರ ಕಿಟಕಿಯಿಂದ ಬಂತು.

ಸಾಯಬೇಕು ಅನ್ನಿಸುತ್ತಾ ಎಂದು ಕೇಳುವುದು ಇನ್ನೂ ಬಾಕಿ ಇತ್ತು. ಅದೊಂದಕ್ಕೆ ಕಿಟಕಿಯ ಉತ್ತರ ಸಾಲದು. ಸಿಟ್ಟು ಬಂದು ಅವ್ವನನ್ನೇ ಒಳಗೆ ಕರೆದು ಕೂರಿಸಿದೆ.

"ಹೋಗಲಿ, ನಿಮಗೆ ನಿದ್ದೆ ಬರುತ್ತಾ?"

ಅವ್ವ ಬಾಯಿ ತೆರೆಯುವುದರೊಳಗೆ ಮಗಳು ತಲೆಯೆತ್ತಿದಳು.

"ಎಲ್ ಬತ್ತದೆ ಮೇಡಂ? ಕೂಸು ಮಲಗುದ್ರೂ ನಾನು ಅಳ್ತಾ ಕೂತಿರ್ತೀನಿ. ನನ್ನ ಕಾಯ್ಕೊಂಡು ಅವ್ವನೂ ಮಲಗಾಕಿಲ್ಲ."

ನಾನು ಅವ್ವನ ಮುಖವನ್ನೇ ನೋಡಿಕೊಂಡು ಒಂದೊಂದೇ ಪ್ರಶ್ನೆ ಕೇಳಿದೆ. ಎಲ್ಲಕ್ಕೂ ಮಗಳೇ ಉತ್ತರ ಕೊಟ್ಟಳು, ಆ ಕೊನೆಯದಕ್ಕೂ. ಸದ್ಯ, ತಡವಾಗುವ ಮೊದಲೇ ಬಂದಿದ್ದಳು.

ಈಗ ಬಾಣಂತಿ ಬಂದರೆ ನಾನು ಅವಳ ಕಡೆ ತಿರುಗುವುದೇ ಇಲ್ಲ. ಪಕ್ಕದಲ್ಲಿರುವವರಿಗೆ ಕುರ್ಚಿ ಎಳೆದು ಕೊಟ್ಟು, "ಹೇಳಿ ಅವ್ವಾ, ನಿಮಗೇನು ತೊಂದರೆ?" ಎನ್ನುತ್ತೇನೆ.