ನಿನ್ನೆಗೆ ಹ್ಯಾವ್ ಇಲ್ಲ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಯಂತ್ರದ ದೀಪ ಹಸಿರಾಯಿತು. ಸ್ಟೀಮಕ್ಕ ಬಾಗಿಲನ್ನು ಪೂರ್ತಿ ತೆರೆಯಲಿಲ್ಲ. ನಾಲ್ಕು ಬೆರಳಿನಷ್ಟು ಸರಿಸಿ, ಪಕ್ಕಕ್ಕೆ ನಿಂತು, ಉಗಿ ತಾನಾಗಿ ಹೊರಗೆ ಹೋಗಲು ಬಿಟ್ಟರು. ಒಳಗೆ ನೀಲಿ ಬಟ್ಟೆ ಸುತ್ತಿದ ಹನ್ನೆರಡು ಟ್ರೇಗಳಿದ್ದವು. ಅವು ಆರುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಕೈ ಖಾಲಿಯಾದ ಆ ಅರ್ಧ ಗಂಟೆಯಲ್ಲಿ ಅವರು ಏಪ್ರನ್ ಜೇಬಿನಿಂದ ನಾಲ್ಕಾಗಿ ಮಡಚಿದ ಹಾಳೆಯೊಂದನ್ನು ತೆಗೆದು, ತುಟಿ ಅಲ್ಲಾಡಿಸುತ್ತ ಓದಿದರು. ‘ಐ ಹ್ಯಾವ್ ವಾಷ್ಡ್. ಐ ಹ್ಯಾವ್ ಚೆಕ್ಡ್. ಐ ಹ್ಯಾವ್ ಪ್ಯಾಕ್ಡ್.’

ಕಿಟಕಿಯ ಆಚೆಯಿಂದ ವಾರ್ಡಿನ ನರ್ಸೊಬ್ಬಳು ಇಣುಕಿ ನೋಡಿದಳು. “ಏನು ಸ್ಟೀಮಕ್ಕ, ಬೆಳಿಗ್ಗೆ ಬೆಳಿಗ್ಗೆ ಯಂತ್ರದ ಜೊತೆ ಇಂಗ್ಲಿಷಾ?”

“ಅದಾದ್ರೆ ತಪ್ಪು ಹಿಡಿಯಲ್ಲ ತಾಯಿ, ನೀನು ಹೋಗು.”

ದೊಡ್ಡ ಆಸ್ಪತ್ರೆಯೊಂದರ ಹಿಂಭಾಗದಲ್ಲಿ ಒಂದರ ಪಕ್ಕ ಒಂದರಂತೆ ಮೂರು ಕೋಣೆಗಳಿವೆ. ಸ್ಟೀಮಕ್ಕ ಅಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತಮೂರು ವರ್ಷವಾಯಿತು. ಆಪರೇಷನ್ ಥಿಯೇಟರಿನಲ್ಲಿ ಬಳಸಿದ ಕತ್ತರಿ, ಚಿಮಟಗಳು ಮೊದಲ ಕೋಣೆಗೆ ಬರುತ್ತವೆ. ಅಲ್ಲಿ ಅವನ್ನು ತೊಳೆದು, ಕೀಲಿನ ಸಂದಿಗೆ ಸಣ್ಣ ಬ್ರಷ್ಷು ಹಾಕಿ ಉಜ್ಜುತ್ತಾರೆ. ಎರಡನೆಯ ಕೋಣೆಯಲ್ಲಿ ಭೂತಗನ್ನಡಿ ಕೂಡಿಸಿದ ದೀಪದ ಕೆಳಗೆ ಒಂದೊಂದನ್ನೂ ತಿರುಗಿಸಿ ನೋಡಿ, ಎಣಿಸಿ ಟ್ರೇಗೆ ಜೋಡಿಸಿ, ಎರಡು ಪದರ ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಟೇಪು ಅಂಟಿಸುತ್ತಾರೆ. ಮೂರನೆಯದು ಯಂತ್ರದ ಕೋಣೆ. ಯಂತ್ರದೊಳಗಿನ ಉಗಿ ತಾಗಿದಾಗ ಟೇಪಿನ ಮಸುಕು ಗೀರುಗಳು ಕಪ್ಪಾಗುತ್ತವೆ. ಸ್ಟೀಮಕ್ಕನಿಗೆ ಆ ಹೆಸರು ಬಂದದ್ದು ಈ ಕೋಣೆಯಿಂದ. ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಎಲ್ಲೂ ಬಳಕೆಯಲ್ಲಿಲ್ಲ.

ವಯಸ್ಸು ಐವತ್ತೊಂದು. ಕನ್ನಡದಲ್ಲಿ ಹತ್ತನೇ ತರಗತಿಯವರೆಗೆ ಓದಿದ್ದಾರೆ. ಇಷ್ಟು ವರ್ಷ ಪಾಳಿಯ ಕೊನೆಯಲ್ಲಿ ಪುಸ್ತಕದಲ್ಲಿ ಗುರುತು ಹಾಕಿ ರುಜು ಮಾಡಿದರೆ ಸಾಕಿತ್ತು. ಹೋದ ವರ್ಷ ಹೊಸ ನಿಯಮ ಬಂತು. ಪ್ರತಿ ಪಾಳಿಯ ವರದಿಯನ್ನು ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯಗಳಲ್ಲಿ ಬರೆಯಬೇಕು, ಅದಕ್ಕೊಂದು ಸಣ್ಣ ಪರೀಕ್ಷೆ ಇರುತ್ತದೆ, ಮೂರು ಅವಕಾಶದಲ್ಲಿ ಪಾಸಾಗದವರನ್ನು ಕೆಳಗಿನ ಲಾಂಡ್ರಿಗೆ ವರ್ಗ ಮಾಡಲಾಗುತ್ತದೆ. ಹತ್ತಕ್ಕೆ ಆರು ಬಂದರೆ ಪಾಸು. ಸ್ಟೀಮಕ್ಕನಿಗೆ ಮೊದಲ ಸಲ ನಾಲ್ಕು ಬಂತು, ಎರಡನೆಯ ಸಲ ಐದು. ಮೂರನೆಯದು ಈ ತಿಂಗಳ ಒಂಬತ್ತಕ್ಕೆ ಇತ್ತು.

“ಲಾಂಡ್ರಿ ಕೆಲಸ ಕೀಳು ಅಂತಲ್ಲ,” ಎನ್ನುತ್ತಾರೆ ಅವರು. “ಅಲ್ಲಿ ಒಂದು ಹೊದಿಕೆ ಕಮ್ಮಿ ಬಿದ್ರೆ ಇನ್ನೊಂದು ತಗೋತಾರೆ. ಇಲ್ಲಿ ಒಂದು ಚಿಮಟ ಕಮ್ಮಿ ಬಿದ್ರೆ ಹೊಟ್ಟೆ ತೆರೆದಿಟ್ಟುಕೊಂಡು ಡಾಕ್ಟ್ರು ಕಾಯ್ತಾ ನಿಲ್ಲಬೇಕು. ನನಗೆ ಈ ಕೆಲಸವೇ ಬೇಕು.”

ಎರಡು ಸಲವೂ ಅವರು ಎಡವಿದ್ದು ಒಂದೇ ಕಲ್ಲಿಗೆ. ‘ಐ ಹ್ಯಾವ್ ಸ್ಟೆರಿಲೈಸ್ಡ್ ದಿ ಟ್ರೇ ಎಸ್ಟರ್‌ಡೇ’ ಎಂದು ಬರೆದಿದ್ದರು. ಹೆಡ್ ನರ್ಸು ‘ಹ್ಯಾವ್’ ಸುತ್ತ ಕೆಂಪು ಸೊನ್ನೆ ಸುತ್ತಿದ್ದರು. ಸ್ಟೀಮಕ್ಕನಿಗೆ ಅದರಲ್ಲಿ ತಪ್ಪೇನಿದೆ ಎಂದೇ ತಿಳಿಯಲಿಲ್ಲ. ‘ನಿನ್ನೆ ಮಾಡಿದ್ದೀನಿ’ ಎಂದು ಕನ್ನಡದಲ್ಲಿ ಎಲ್ಲರೂ ಹೇಳುತ್ತಾರೆ, ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ನಮ್ಮ ‘ಮಾಡಿದ್ದೀನಿ’ ನಿನ್ನೆಯ ಜೊತೆಗೂ ಕೂರುತ್ತದೆ, ಹೋದ ವರ್ಷದ ಜೊತೆಗೂ ಕೂರುತ್ತದೆ. ಇಂಗ್ಲಿಷಿನ ‘ಹ್ಯಾವ್’ಗೆ ಅಷ್ಟು ಹೊಂದಾಣಿಕೆ ಇಲ್ಲ.

ಪಾಠ ಹೇಳಲು ಮುಂದೆ ಬಂದದ್ದು ನಾದಿನಿ. ಗಂಡನ ತಂಗಿಯಾದ ಈಕೆ ಹತ್ತಿರದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಮನೆ ಎರಡು ಬೀದಿ ಆಚೆ. ದಿನಾ ಸಂಜೆ ಐದೂವರೆಗೆ ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಅಡುಗೆಮನೆಯ ಮೇಜಿನ ಮೇಲಿನ ತರಕಾರಿ ಬುಟ್ಟಿಯನ್ನು ಕೆಳಗಿಟ್ಟು ನೋಟ್‌ಬುಕ್ಕು ಬಿಡಿಸುತ್ತಿದ್ದಳು.

“ಅತ್ತಿಗೆ, ಮದುವೆಯಾದ ಹೊಸದರಲ್ಲಿ ನನ್ನ ಹೊಲಿಗೆ ನೋಡಿ ನೀವು ಎಷ್ಟು ನಕ್ಕಿದ್ರಿ, ನೆನಪಿದೆಯಾ?”

“ಅಂಗಿಗೆ ನೀನು ಎರಡೂ ಎಡಗೈ ತೋಳು ಇಟ್ಟಿದ್ದೆ. ನಗದೆ ಏನು ಮಾಡಲಿ?”

“ಈಗ ನನ್ನ ಸರದಿ. ಬರೀರಿ. ನಿನ್ನೆ ಅಂತ ಬಂತೋ, ಹ್ಯಾವ್ ಓಡಿಹೋಗಬೇಕು.”

“ಯಾಕೆ ಓಡಬೇಕು? ಮಾಡಿರೋದು ನಾನೇ ತಾನೆ? ಮಾಡಿದ್ದೀನಲ್ಲ!”

ನಾದಿನಿ ಪುಸ್ತಕದಲ್ಲಿದ್ದುದನ್ನು ಓದಿದಳು. ಹಿಂದೆ ನಡೆದ ಕ್ರಿಯೆಯ ಫಲ ಈಗಲೂ ಇದ್ದರೆ ಪ್ರೆಸೆಂಟ್ ಪರ್ಫೆಕ್ಟ್ ಬಳಸಬೇಕು, ನಡೆದ ಹೊತ್ತನ್ನು ಹೇಳಿದರೆ ಬಳಸಬಾರದು. ಸ್ಟೀಮಕ್ಕ ತಲೆಯಾಡಿಸಿದರು. ಮರುಕ್ಷಣವೇ ಅದೇ ತಪ್ಪನ್ನು ಇನ್ನೂ ದುಂಡಗಿನ ಅಕ್ಷರದಲ್ಲಿ ಬರೆದರು.

ಮನೆಯ ಮುಂಭಾಗದಲ್ಲಿ ಗಂಡನ ಬೀಗ ರಿಪೇರಿ ಅಂಗಡಿ. ಕೀಲಿಕೈ ಉಜ್ಜುವ ಸದ್ದು ಅಡುಗೆಮನೆಗೆ ಕೇಳುತ್ತದೆ. ಚಹಾ ಆರುತ್ತಿದೆ ಎಂದು ಸ್ಟೀಮಕ್ಕ ಕೂಗಿದರೆ ಅಲ್ಲಿಂದ “ಬಂದೆ, ಬಂದೆ” ಎಂಬ ಉತ್ತರ ಬರುತ್ತದೆ, ಉಜ್ಜುವ ಸದ್ದು ಮಾತ್ರ ನಿಲ್ಲುವುದಿಲ್ಲ.

“ಕೇಳಿದ್ರಾ ಅತ್ತಿಗೆ? ಕೂತ ಜಾಗದಿಂದ ಅಲ್ಲಾಡಿಲ್ಲ, ‘ಬಂದೆ’ ಅಂತಾನೆ. ಇದನ್ನ ಹಾಗೇ ಇಂಗ್ಲಿಷಿಗೆ ಹಾಕಿದ್ರೆ ‘ಐ ಕೇಮ್’. ಪೊಲೀಸರು ಸುಳ್ಳು ಸಾಕ್ಷಿ ಅಂತ ಹಿಡ್ಕೊಂಡು ಹೋಗ್ತಾರೆ.”

“ನಿಮ್ಮಣ್ಣ ಇಪ್ಪತ್ತೆಂಟು ವರ್ಷದಿಂದ ಬರ್ತಾನೇ ಇದ್ದಾರೆ. ಅದಕ್ಕೆ ಯಾವ ಟೆನ್ಸು?”

ಅದಕ್ಕೂ ಒಂದು ಟೆನ್ಸು ಇದೆ, ಅದು ಆಮೇಲಿನ ಪಾಠ ಎಂದಳು ನಾದಿನಿ. ಅಷ್ಟರಲ್ಲಿ ಗಂಡ ನಿಜವಾಗಿಯೂ ಬಂದರು, ಆರಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ ನೋಟ್‌ಬುಕ್ಕಿನೊಳಗೆ ಇಣುಕಿದರು. ಅವರಿಗೆ ಇಂಗ್ಲಿಷು ಬೀಗದ ಮೇಲೆ ಅಚ್ಚೊತ್ತಿರುವಷ್ಟೇ ಬರುತ್ತದೆ. ಆದರೂ ಕೇಳಿದರು: “ಹ್ಯಾವ್ ಅಂದ್ರೆ ‘ಇದೆ’ ಅಂತ ತಾನೆ?”

“ಹೂಂ ಅಣ್ಣ.”

“ಹಾಗಾದ್ರೆ ಸುಲಭ. ಈಗ ತಿಂದಿದ್ದು ಹೊಟ್ಟೇಲಿ ಇದೆ, ಹ್ಯಾವ್ ಹಾಕು. ನಿನ್ನೆ ತಿಂದಿದ್ದು ಈಗ ಎಲ್ಲಿದೆ?”

“ರೀ, ಅಡುಗೆಮನೆಯಲ್ಲಿ ಆಡೋ ಮಾತಾ ಇದು?” ಎಂದು ಸ್ಟೀಮಕ್ಕ ಗದರಿದರು. ನಾದಿನಿ ಮಾತ್ರ ನಗು ತಡೆಯಲಾರದೆ ಮೇಜಿಗೆ ತಲೆಯಿಟ್ಟಳು. ಪುಸ್ತಕದ ವಿವರಣೆಗಿಂತ ಇದೇ ವಾಸಿ ಎಂದು ಆಮೇಲೆ ಒಪ್ಪಿಕೊಂಡಳು.

ಗಂಡನ ಮಾತು ಸ್ಟೀಮಕ್ಕನ ತಲೆಯಲ್ಲಿ ಉಳಿಯಿತು. ಮಾರನೆಯ ದಿನ ಟ್ರೇಗಳನ್ನು ಕಪಾಟಿಗೆ ಜೋಡಿಸುವಾಗ ಅವರ ಕೈ ಸ್ವಲ್ಪ ಹೊತ್ತು ನಿಂತಿತು. ಟೇಪು ಅಂಟಿದಂತೆಯೇ ಇದೆ, ಗೀರು ಕಪ್ಪಾಗಿದೆ, ಬಟ್ಟೆ ಒಣಗಿದೆ. ಉಗಿಯಲ್ಲಿ ಬೇಯಿಸಿದ್ದು ಯಾವಾಗಲೇ ಇರಲಿ, ಅದರ ಫಲ ಈ ಗಳಿಗೆಯಲ್ಲೂ ಒಳಗೆ ಭದ್ರವಾಗಿದೆ. ಅಂದರೆ ‘ಐ ಹ್ಯಾವ್ ಸ್ಟೆರಿಲೈಸ್ಡ್’. ಇನ್ನೊಂದು ಟ್ರೇಯನ್ನು ಥಿಯೇಟರಿನವರು ಬಿಚ್ಚಿ, ಬಳಸದೆ ವಾಪಸು ಕಳಿಸಿದ್ದರು. ಅದಕ್ಕೂ ಶಾಸ್ತ್ರವೆಲ್ಲ ಆಗಿತ್ತು, ಆದರೆ ಈಗ ಅದರಿಂದ ಏನೂ ಉಪಯೋಗವಿಲ್ಲ. ಅದು ಬರೀ ನಡೆದುಹೋದ ಸಂಗತಿ, ‘ಐ ಸ್ಟೆರಿಲೈಸ್ಡ್’. ಅದಕ್ಕೆ ಬೇಕಾದರೆ ನಿನ್ನೆ ಎಂದು ಸೇರಿಸಬಹುದು, ಎಂಟು ಗಂಟೆಗೆ ಎಂದೂ ಸೇರಿಸಬಹುದು.

ಆ ಸಂಜೆ ನಾದಿನಿ ಚಪ್ಪಲಿ ಬಿಡುವ ಮೊದಲೇ ಸ್ಟೀಮಕ್ಕ ಶುರುಮಾಡಿದರು. “ಗೊತ್ತಾಯ್ತು ಕಣೇ. ಹ್ಯಾವ್ ಅಂದ್ರೆ ಟ್ರೇ ಮೇಲಿನ ಸೀಲು. ಸೀಲು ಇರೋವರೆಗೆ ಹ್ಯಾವ್.”

ನಾದಿನಿ ಬಾಗಿಲಲ್ಲೇ ನಿಂತು ಯೋಚಿಸಿದಳು. “ಯಾವ ಪುಸ್ತಕದಲ್ಲೂ ಹೀಗೆ ಬರೆದಿಲ್ಲ ಅತ್ತಿಗೆ. ಆದ್ರೆ ತಪ್ಪು ಅನ್ನಕ್ಕೂ ಆಗ್ತಿಲ್ಲ.”

ಒಂಬತ್ತನೇ ತಾರೀಖು, ಹನ್ನೊಂದು ಗಂಟೆ. ಹೆಡ್ ನರ್ಸು ಪರೀಕ್ಷೆಯನ್ನು ಯಂತ್ರದ ಕೋಣೆಯಲ್ಲೇ ನಡೆಸಿದರು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಸರಿ ಉತ್ತರಗಳ ಹಾಳೆಯನ್ನು ಮಡಿಲಲ್ಲಿ ಮಗುಚಿಟ್ಟು ಕೂತಿದ್ದರು. ಮೊದಲ ಎಂಟು ವಾಕ್ಯಗಳು ಅಲ್ಲಲ್ಲೇ ತಿದ್ದಿಯಾದವು. ಐದು ಸರಿ, ಮೂರು ತಪ್ಪು. ಮೂರರಲ್ಲಿ ಎರಡು ಕಾಗುಣಿತದ ತಪ್ಪುಗಳು. ಉಳಿದದ್ದು ಎರಡು ಅಂಕದ ಒಂದೇ ಪ್ರಶ್ನೆ.

“ಅಲ್ಲಿ ಹದಿನಾಲ್ಕನೇ ಟ್ರೇ ಇದೆ. ಬೆಳಿಗ್ಗೆ ನೀವೇ ಯಂತ್ರಕ್ಕೆ ಹಾಕಿದ್ದು. ಅದರ ಬಗ್ಗೆ ಎರಡು ವಾಕ್ಯ ಬರೀರಿ,” ಎಂದರು ಹೆಡ್ ನರ್ಸು.

ಸ್ಟೀಮಕ್ಕ ಪೆನ್ನು ಎತ್ತಿದರು, ಮತ್ತೆ ಕೆಳಗಿಟ್ಟರು. ಎದ್ದು ಹೋಗಿ ಟ್ರೇಯನ್ನು ನೋಡಿದರು. ಗೀರು ಕಪ್ಪಾಗಿತ್ತು, ಟೇಪು ಸರಿಯಾಗಿತ್ತು. ಆದರೆ ಅದು ಕೂತಿದ್ದು ಟ್ರೇ ಆರಲು ಇಡುವ ಜಾಲರಿಯ ಗಾಡಿಯ ಮೇಲಲ್ಲ, ಸ್ಟೀಲಿನ ಮೇಜಿನ ಮೇಲೆ. ಪರೀಕ್ಷೆಗೆ ಜಾಗ ಮಾಡುವ ಅವಸರದಲ್ಲಿ ಯಾರೋ ಬಿಸಿಯಿರುವಾಗಲೇ ಎತ್ತಿಟ್ಟಿದ್ದರು. ಬಿಸಿ ಟ್ರೇ ತಣ್ಣನೆಯ ಸ್ಟೀಲಿಗೆ ತಾಗಿದರೆ ಒಳಗಿನ ಉಗಿ ತಳದಲ್ಲಿ ನೀರಾಗುತ್ತದೆ. ಕೈಗವಸು ಹಾಕಿಕೊಂಡು ಅದನ್ನು ಮೆಲ್ಲಗೆ ವಾಲಿಸಿದರು. ತಳದ ಬಟ್ಟೆಯಲ್ಲಿ ಅಂಗೈ ಅಗಲದ ತೇವ ಕಾಣಿಸಿತು. ವಾಪಸು ಬಂದು ಕೂತು ಬರೆದರು: ‘ಐ ಸ್ಟೆರಿಲೈಸ್ಡ್ ಟ್ರೇ ಫೋರ್ಟೀನ್ ಅಟ್ ಎಯ್ಟ್. ಇಟ್ ಹ್ಯಾಸ್ ಬಿಕಮ್ ವೆಟ್.’

ಹೆಡ್ ನರ್ಸು ಮಡಿಲಿನ ಹಾಳೆ ತಿರುಗಿಸಿ ನೋಡಿದರು. ಅದರಲ್ಲಿ ಇದ್ದದ್ದು ‘ಐ ಹ್ಯಾವ್ ಸ್ಟೆರಿಲೈಸ್ಡ್ ಟ್ರೇ ಫೋರ್ಟೀನ್. ಇಟ್ ಈಸ್ ರೆಡಿ’ ಎಂದು.

“ಇಲ್ಲಿ ಹ್ಯಾವ್ ಬರಬೇಕಿತ್ತಲ್ಲ. ಇಷ್ಟು ದಿನ ಬೇಡದ ಕಡೆ ಹಾಕಿದ್ರಿ, ಬೇಕಾದ ಕಡೆ ಬಿಟ್ಟುಬಿಟ್ರಿ. ಇನ್ನೊಂದ್ಸಲ ಯೋಚಿಸಿ. ಇದು ಕೊನೇ ಅವಕಾಶ.”

“ಹಾಕಕ್ಕಾಗಲ್ಲ ಸಿಸ್ಟರ್.”

“ಯಾಕೆ?”

“ಹ್ಯಾವ್ ಹಾಕಿ ರೆಡಿ ಅಂತ ಬರೆದ್ರೆ ಥಿಯೇಟರಿನವರು ನಂಬಿ ತಗೊಂಡು ಹೋಗ್ತಾರೆ. ತೇವ ಆದ ಬಟ್ಟೆ ಹೊರಗಿನ ಕೊಳೆನ ಒಳಗೆ ಎಳ್ಕೊಳತ್ತೆ. ಎಂಟು ಗಂಟೆಗೆ ನಾನು ಮಾಡಿದ್ದು ನಿಜ. ಈಗ ಅದು ಇಲ್ಲ. ನೀವೇ ತಳ ನೋಡಿ.”

ಹೆಡ್ ನರ್ಸು ಎದ್ದರು. ಟ್ರೇಯನ್ನು ವಾಲಿಸಿ ನೋಡಿ, ಕನ್ನಡಕ ಮೇಲೇರಿಸಿ, ಮತ್ತೊಮ್ಮೆ ನೋಡಿದರು. ವಾಪಸು ಬಂದು ಕೂತರು. ಆಮೇಲೆ ಪೆನ್ನಿನಿಂದ ತಮ್ಮ ಹಾಳೆಯ ಎರಡೂ ವಾಕ್ಯಗಳನ್ನು ಹೊಡೆದುಹಾಕಿದರು. ಸ್ಟೀಮಕ್ಕನ ಹಾಳೆಯಲ್ಲಿ ಎರಡು ಸರಿ ಗುರುತು ಬಿದ್ದವು. ಒಟ್ಟು ಏಳು.

“ಪರೀಕ್ಷೆ ನಿಮಗೋ ನನಗೋ ಅಂತ ಗೊತ್ತಾಗ್ಲಿಲ್ಲ,” ಎಂದರು ಹೆಡ್ ನರ್ಸು. “ಯಾರು ಕಲಿಸಿದ್ದು?”

“ನಮ್ಮ ನಾದಿನಿ. ಅರ್ಧ ಅವಳು, ಅರ್ಧ ನಮ್ಮ ಮನೆಯವರು. ಅವರು ಹೇಳಿಕೊಟ್ಟಿದ್ದನ್ನ ನಿಮ್ಮ ಮುಂದೆ ಹೇಳಕ್ಕಾಗಲ್ಲ.”

ಸಂಜೆ ಮನೆಯಲ್ಲಿ ನಾದಿನಿ ಉತ್ತರದ ಹಾಳೆಯನ್ನು ಎರಡು ಸಲ ಓದಿದಳು. ಟೀಚರು ಟೀಚರೇ. “ವ್ಯಾಕರಣದ ಲೆಕ್ಕದಲ್ಲಿ ‘ಐ ಹ್ಯಾವ್ ಸ್ಟೆರಿಲೈಸ್ಡ್’ ಅಂದಿದ್ರೂ ತಪ್ಪಾಗ್ತಿರಲಿಲ್ಲ ಅತ್ತಿಗೆ. ಮುಂದೆ ‘ರೆಡಿ’ ಅಂದಿದ್ರೆ ಮಾತ್ರ ಸುಳ್ಳಾಗ್ತಿತ್ತು.”

“ಪಾಸಾದ ಮೇಲೂ ತಪ್ಪು ಹುಡುಕ್ತೀಯಲ್ಲೇ!”

“ನೀವು ನನ್ನ ಅಂಗಿಯನ್ನ ಬಿಟ್ರಾ?”

ಮುಂದಿನ ಕೋಣೆಯಿಂದ ಗಂಡ, ಪಾಸಾದ ಖುಷಿಗೆ ಇವತ್ತು ಚಹಾ ತಾನೇ ಮಾಡುವುದಾಗಿ ಕೂಗಿ ಹೇಳಿದರು. ಇಬ್ಬರೂ ಕಾದು ನೋಡಿ, ಕೊನೆಗೆ ತಾವೇ ಮಾಡಿಕೊಂಡು ಕುಡಿದರು.

ಸೋಮವಾರದಿಂದ ಬೆಳಗಿನ ಪಾಳಿಯ ವರದಿ ಬರೆಯುವವರು ಸ್ಟೀಮಕ್ಕ. ಲಾಂಡ್ರಿಯವರಿಗೂ ಈ ವರ್ಷ ಅದೇ ಪರೀಕ್ಷೆ ಬರುತ್ತಿರುವುದರಿಂದ, ಅವರಿಗೆ ಪಾಠ ಹೇಳಲು ಬರಬೇಕೆಂದು ಹೆಡ್ ನರ್ಸು ನಾದಿನಿಗೆ ಕಾಗದ ಕಳಿಸಿದ್ದಾರೆ. ಮೊದಲ ಕ್ಲಾಸು ಬುಧವಾರ ಮಧ್ಯಾಹ್ನ ನಾಲ್ಕೂವರೆಗೆ, ಸಿಬ್ಬಂದಿಯ ಊಟದ ಕೋಣೆಯಲ್ಲಿ. ಏಳು ಮಂದಿ ಹೆಸರು ಕೊಟ್ಟಿದ್ದಾರೆ.