ಸ್ಟೂಡೆಂಟ್ ವೀಸಾಕ್ಕೆ ನಲವತ್ತೈದು ವರ್ಷದ ಗ್ಯಾಪ್

"ಬರ್ರಿ ಅಮ್ಮಾರ, ಕುಂದರ್ರಿ. ಯಾರ ಬಾಣಂತನಕ್ಕ ಹೊಂಟೀರಿ? ಮಗಳದೋ, ಮೊಮ್ಮಗಳದೋ?"

ರಾಯಚೂರಿನ ಸ್ಟೇಷನ್ ರಸ್ತೆಯ ವೀಸಾ ಏಜೆಂಟ್ ಕೇಳಿದ ಮೊದಲ ಪ್ರಶ್ನೆ ಅದು. ಅವನ ತಪ್ಪಲ್ಲ. ನಮ್ಮ ಕಡೆ ನನ್ನ ವಯಸ್ಸಿನ ಹೆಂಗಸು ವಿಮಾನ ಹತ್ತಿದಳೆಂದರೆ ಕೈಯಲ್ಲಿ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿ ಇದ್ದೇ ಇರುತ್ತದೆ.

"ಯಾರದೂ ಅಲ್ಲ. ಸ್ಟೂಡೆಂಟ್ ವೀಸಾ ಬೇಕು," ಎಂದೆ.

ಅವನು ನನ್ನ ಹಿಂದೆ ನೋಡಿದ. ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ, ನಲವತ್ತು ದಾಟಿದ ನನ್ನ ಮಗ ಕಾರಿನ ಕೀ ತಿರುಗಿಸುತ್ತಾ ನಿಂತಿದ್ದ.

"ಸಾಹುಕಾರ್ರು ಓದಾಕ ಹೊಂಟಾರೇನ್ರಿ?"

"ನಾನಲ್ಲೋ ಮಾರಾಯ. ನಮ್ಮವ್ವ," ಎಂದ ಮಗ, ಗೋಡೆಯ ಕಡೆ ಮುಖ ಮಾಡಿ.

ಇಂಗ್ಲೆಂಡಿನ ಯೂನಿವರ್ಸಿಟಿಯ ಆಫರ್ ಲೆಟರನ್ನು ಮೇಜಿನ ಮೇಲಿಟ್ಟೆ. ಒಂದು ವರ್ಷದ ಎಂ.ಎ., ಹಿಸ್ಟರಿ. ಖರ್ಚಿಗೆ ನನ್ನವರು ಬಿಟ್ಟುಹೋದದ್ದು ಸಾಕಿತ್ತು. ನನಗೆ ಅರವತ್ತಾರು.

ಏಜೆಂಟ್ ಸರ್ಟಿಫಿಕೇಟು ತಿರುವಿ ಹಾಕಿದ. ಬಿ.ಎ. ಪಾಸಾದವಳ ಹೆಸರೇ ಬೇರೆ, ಪಾಸ್‌ಪೋರ್ಟಿನವಳ ಹೆಸರೇ ಬೇರೆ. ಮಗ ಬಾಗಿ ನೋಡಿದ. "ಯವ್ವಾ, ಇದ್ಯಾರ ಹೆಸರು?"

ನಮ್ಮವರಲ್ಲಿ ಆಗ ಒಂದು ಪದ್ಧತಿ ಇತ್ತು. ಮದುಮಗಳು ಗಂಡನ ಮನೆಗೆ ಬಂದ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡನ ಉಂಗುರದಿಂದ ಅವಳಿಗೊಂದು ಹೊಸ ಹೆಸರು ಬರೆಸುತ್ತಿದ್ದರು. ದೇವದುರ್ಗದ ಮನೆಯಲ್ಲಿ ನನಗೂ ಹಾಗೇ ಆಯಿತು. ಮರುದಿನ ಆ ಅಕ್ಕಿಯನ್ನು ಅನ್ನಕ್ಕೆ ಹಾಕಿದರು. ರಾಯಚೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಅಟೆಂಡೆನ್ಸ್ ಕರೆಯುವಾಗ "ಪ್ರೆಸೆಂಟ್, ಸಿಸ್ಟರ್" ಎಂದು ಎದ್ದು ನಿಲ್ಲುತ್ತಿದ್ದ ಹುಡುಗಿಯ ಹೆಸರು ಅಲ್ಲಿಗೆ ಮುಗಿಯಿತು. ತವರಿನಲ್ಲೂ ತಮ್ಮಂದಿರಿಗೆ ನಾನು ಬರೀ ಅಕ್ಕ. ನನ್ನವರು ಒಳ್ಳೆಯವರು. ಆದರೆ ಅವರೂ ಒಂದು ದಿನವೂ ಆ ಹೆಸರು ಹಿಡಿದು ಕರೆಯಲಿಲ್ಲ, ನಾನೂ ಕೇಳಲಿಲ್ಲ.

"ನಂದೇ ಹೆಸರಪ್ಪಾ," ಎಂದೆ.

ಹೆಸರಿಗೆ ಅಫಿಡವಿಟ್ ಮಾಡಿಸಿದರಾಯಿತು ಎಂದ ಏಜೆಂಟನಿಗೆ ಓದು ಬಿಟ್ಟ ಗ್ಯಾಪಿನದೇ ಚಿಂತೆ. "ನಲವತ್ತೈದು ವರ್ಷ ಗ್ಯಾಪ್ ಅದ ಅಮ್ಮಾರ! ಗಬ್ಬೂರಿನ ಒಂದು ಸಾಲ್ಯಾಗ ಟೀಚರ್ ಇದ್ರಿ ಅಂತ ಲೆಟರ್ ಮಾಡಸ್ತೀನಿ."

"ಗಬ್ಬೂರು ನಾ ಬಸ್ಸಿನ ಕಿಟಕಿಯಾಗ ನೋಡೀನಿ, ಅಷ್ಟ."

"ಅವರಿಗೇನ್ ಗೊತ್ತಾಕ್ಕತಿ?"

"ನನಗ ಗೊತ್ತೈತಲ್ಲ."

ಗ್ಯಾಪ್ ಲೆಟರನ್ನು ನಾನೇ ಬರೆದೆ, ಕಾನ್ವೆಂಟಿನ ಕರ್ಸಿವ್‌ನಲ್ಲಿ. ಆ ವರ್ಷಗಳಲ್ಲಿ ನಾನು ಎಲ್ಲೂ ಕಳೆದುಹೋಗಿರಲಿಲ್ಲ, ದೇವದುರ್ಗದ ಪಡಸಾಲೆಯಲ್ಲಿದ್ದೆ. ಪಿಂಚಣಿ, ರೇಷನ್ ಕಾರ್ಡು ಎಂದು ಬಂದ ಹೆಂಗಸರಿಗೆ ತಹಶೀಲ್ದಾರರ ಹೆಸರಿಗೆ ಅರ್ಜಿ ಬರೆದುಕೊಡುತ್ತಿದ್ದೆ. ಒಂದು ಅರ್ಜಿಗೆಂದು ಕೂತ ಮುದುಕಿಯರು ನಿಜಾಮನ ಕಾಲದಿಂದ ಶುರು ಮಾಡುತ್ತಿದ್ದರು. ಅವರು ಹೇಳಿದ್ದು ನಾನು ಓದಿದ ಯಾವ ಟೆಕ್ಸ್ಟ್‌ಬುಕ್ಕಿನಲ್ಲೂ ಇರಲಿಲ್ಲ. ಅದನ್ನು ಹಿಸ್ಟರಿ ಎಂದು ಬರೆಯುವುದನ್ನು ಕಲಿಯಬೇಕು, ಅದಕ್ಕೇ ಹೊರಟಿದ್ದೇನೆ. ಇಷ್ಟೇ ಬರೆದು ಸಹಿ ಹಾಕಿದೆ.

ಕೋರ್ಟಿನ ಮುಂದಿನ ನೋಟರಿಯ ಹತ್ತಿರ ಇನ್ನೊಂದು ಜಗಳ. ಅವನ ಅಚ್ಚಿನ ಕಾಗದದಲ್ಲಿ 'ಹಿಂದಿನ ಹೆಸರು ಈಗ ಬಳಕೆಯಲ್ಲಿಲ್ಲ' ಎಂದಿತ್ತು.

"ಇದಕ್ಕ ಗೀಟು ಹೊಡೀರಿ. ಬಳಕೆಯಲ್ಲಿದೆ ಅಂತ ಬರೀರಿ."

"ಯಾರ್ ಬಳಸ್ತಾರ್ರೀ ಯವ್ವಾ?"

"ನಾನು."

ಮಗ ತಲೆ ಚಚ್ಚಿಕೊಂಡ. ದಾರಿಯುದ್ದಕ್ಕೂ ಗೊಣಗಿದ. "ಇಡೀ ಮಾನ್ವಿ ನಗಾಕತ್ತೈತಿ, ಯವ್ವಾ."

"ನಗಲಿ ಬಿಡು. ಹಲ್ಲಿದ್ದೋರು ನಗ್ತಾರ."

ಮೂರು ವಾರಕ್ಕೆ ಉತ್ತರ ಬಂತು: ರೆಫ್ಯೂಸ್ಡ್. ಇಷ್ಟು ವರ್ಷದ ಮೇಲೆ ಓದುವುದೇ ನನ್ನ ನಿಜವಾದ ಉದ್ದೇಶ ಎಂಬುದು ಅಧಿಕಾರಿಗೆ ಮನವರಿಕೆಯಾಗಿಲ್ಲವಂತೆ. ಮಗ ಓದಿ ಹೇಳಿದ. ನಾನು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದೆ. ಇಂಗ್ಲಿಷು ಬಹಳ ಪೊಲೈಟ್ ಆಗಿತ್ತು. ಮೂರನೆಯ ದಿನ ಯೂನಿವರ್ಸಿಟಿಗೆ ಬರೆದೆ: ನನ್ನ ಸೀಟನ್ನು ಮುಂದಿನ ವರ್ಷಕ್ಕೆ ಇಡಿ. ಇಡುತ್ತೇವೆ ಎಂದು ಉತ್ತರಿಸಿದರು.

ಮರುವರ್ಷ ಮತ್ತೆ ಸ್ಟೇಷನ್ ರಸ್ತೆಗೆ ಹೋದೆವು. ಈ ಸಲ ಫೈಲನ್ನು ಮಗನೇ ಎತ್ತಿಕೊಂಡ. ಏಜೆಂಟ್ ಹೊಸ ಅರ್ಜಿಯಲ್ಲಿ ಒಂದು ಪ್ರಶ್ನೆಗೆ ಬಂದು ಕೈ ತಡೆದ. ಹಿಂದೆ ಯಾವುದಾದರೂ ದೇಶ ನಿಮಗೆ ವೀಸಾ ನಿರಾಕರಿಸಿದೆಯೇ?

"ಇಲ್ಲಿ ಎಸ್ ಅಂದ್ರ ಕಷ್ಟ ಅಮ್ಮಾರ. ಆದ್ರ ನೋ ಅನ್ನಾಕೂ ಬರಂಗಿಲ್ಲ. ಈ ವರ್ಷ ಬಿಟ್ಟಬಿಡೋಣೇನು?"

ಮಗ ನನ್ನ ಮುಖ ನೋಡಿದ. ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರ ಎಳೆದುಕೊಟ್ಟ. ನಾನು ಮೌಸ್ ಹಿಡಿದು ಎಸ್ ಒತ್ತಿದೆ. ಕೆಳಗೆ ಖಾಲಿ ಜಾಗ ತೆರೆದುಕೊಂಡಿತು: ವಿವರ ಕೊಡಿ. ಹೇಳಲು ಬೇಕಾದಷ್ಟಿತ್ತು, ಟೈಪು ಮಾಡಲು ಶುರು ಮಾಡಿದೆ.