ಮೋನಪ್ಪ ಮಿಸ್ತ್ರಿ ಸಹಿ ಹಾಕುವ ಮುನ್ನ

ಸುರಪುರದ ಗುಡ್ಡದ ಬಂಡೆಗಳ ತುದಿಗೆ ಮಾತ್ರ ಬೆಳಕು ತಾಗಿದೆ. ಬುಡದ ಓಣಿಯಲ್ಲಿ ಇನ್ನೂ ಅರೆಗತ್ತಲು. ತಮ್ಮ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಮೋನಪ್ಪ ಕಮ್ಮಾರ ಮೂಡಣಕ್ಕೆ ಮುಖ ಮಾಡಿ ಕುಳಿತಿದ್ದಾರೆ. ಬಂದೂಕಿನಿಂದ ಕಳಚಿದ ಜೋಡಿ ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅದರ ಹಿಂಬಾಯಿಗೆ ಹಚ್ಚಿ ಬೆಳಕು ಮೂಡುವ ಕಡೆಗೆ ನೋಡುತ್ತಾರೆ. ಕಾಲು ಸುತ್ತು ತಿರುಗಿಸುತ್ತಾರೆ. ಮತ್ತೆ ನೋಡುತ್ತಾರೆ. ಪಕ್ಕದಲ್ಲಿಟ್ಟ ಚಹಾ ಕೆನೆಗಟ್ಟಿದೆ.

"ಬಿಸಿಲು ನೆತ್ತಿಗೆ ಬಂತಂದ್ರ ಎಲ್ಲಾ ನಳಿಗಿನೂ ಕನ್ನಡಿಯಂಗ ಹೊಳೀತಾವ್ರಿ. ಈ ಹೊತ್ತಿನ ಬೆಳಕ ಅಡ್ಡ ಬರ್ತದ. ಒಳಗ ಕೂದಲೆಳಿಯಷ್ಟು ಹೆಚ್ಚುಕಮ್ಮಿ ಇದ್ರೂ ನೆರಳ ಬೀಳ್ತದ. ಅದಕ್ಕ ಬಂದೂಕಿನ ಕೆಲಸ ಮುಂಜಾನಿ ಒಂದ ತಾಸು, ಅಷ್ಟ," ಎಂದು ತಮ್ಮ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ, ಕಣ್ಣು ತೆಗೆಯದೆ.

ಈ ನಳಿಗೆಯನ್ನು ಅವರು ನೋಡುತ್ತಿರುವುದು ಇದು ಮೂರನೇ ಮುಂಜಾನೆ. ಬೋನಾಳ ಕೆರೆಯ ಆಚೆ ಹೊಲವಿರುವ ಹಣಮಂತಮ್ಮನ ಮನೆಯ ಬಂದೂಕು ಅದು. ಗಂಡ ಬೀರೇಶ ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡ ಮೇಲೆ ಬಂದೂಕು ಠಾಣೆ ಸೇರಿತ್ತು. ಲೈಸೆನ್ಸು ತನ್ನ ಹೆಸರಿಗೆ ಬೇಕೆಂದು ಆಕೆ ಅರ್ಜಿ ಹಾಕಿದ್ದಾಳೆ. ಆಯುಧ ಸುಸ್ಥಿತಿಯಲ್ಲಿದೆಯೇ ಎಂದು ಪರವಾನಗಿ ಇರುವ ಮಿಸ್ತ್ರಿ ಬರೆದುಕೊಡಬೇಕು. ಇವತ್ತು ಹನ್ನೊಂದು ಗಂಟೆಗೆ ಹಣಮಂತಮ್ಮ ಪೊಲೀಸರ ಜೊತೆ ಬರುತ್ತಾಳೆ. ಸರಿ ಇದೆ ಎಂದು ಬರೆದರೆ ಬಂದೂಕು ಆಕೆಯ ಮನೆಗೆ ಹೋಗುತ್ತದೆ. ಇಲ್ಲವೆಂದರೆ ಇಡಿಯಾಗಿ ಯಾದಗಿರಿಗೆ ಹೋಗಿ ಇತರ ನಿರುಪಯುಕ್ತ ಆಯುಧಗಳ ಜೊತೆ ನಾಶವಾಗುತ್ತದೆ.

ಇದರಲ್ಲಿ ಇನ್ನೊಂದು ಸಂಕಟವಿದೆ. ಆ ಬಂದೂಕಿನ ಕುಂದಾ, ಅಂದರೆ ಹೆಗಲಿಗೆ ಆನಿಸುವ ಕಟ್ಟಿಗೆಯ ಭಾಗ, ಮೋನಪ್ಪನವರ ತಂದೆ ಕಾಳಪ್ಪ ಕೆತ್ತಿದ್ದು. ಬೀರೇಶನ ಅಪ್ಪನ ಕಾಲದಲ್ಲಿ ಎತ್ತಿನ ಬಂಡಿಯಿಂದ ಬಿದ್ದು ಮೂಲ ಕುಂದಾ ಸೀಳಿತ್ತು. ಕಾಳಪ್ಪ ಹೈದರಾಬಾದಿಗೆ ಹೋಗಿ ಅಕ್ರೋಟದ ಹಲಗೆ ತಂದು, ಹದಿನೆಂಟು ದಿನ ಕೂತು ಹೊಸದು ಮಾಡಿದರು. ಅವರ ಕೈಯ ಉಳಿದ ಕುಂದಾಗಳೆಲ್ಲ ಒಂದೊಂದಾಗಿ ಠಾಣೆ ಸೇರಿ, ಗೆದ್ದಲು ಹಿಡಿದು ಮುಗಿದಿವೆ. ಮೋನಪ್ಪನವರಿಗೆ ಗೊತ್ತಿದ್ದಂತೆ ಉಳಿದದ್ದು ಇದೊಂದೇ.

ಮೋನಪ್ಪನವರಿಗೆ ಈಗ ಅರವತ್ತೆಂಟು. ಅಪ್ಪನ ಪಕ್ಕ ಕೂತದ್ದು ಹದಿನೇಳರಲ್ಲಿ. ಆಗಿನ ದಸರೆಯ ವಾರವನ್ನು ಅವರು ಹೇಳುವಾಗ ಕೈ ತನ್ನಷ್ಟಕ್ಕೆ ಗಾಳಿಯಲ್ಲಿ ಎಣ್ಣೆ ತಿಕ್ಕುತ್ತದೆ. ಹುಣಸಗಿ, ಗೋಗಿ, ಶಹಾಪುರದ ಕಡೆಯಿಂದ ಜನ ಬಂದೂಕುಗಳನ್ನು ಕಂಬಳಿಯಲ್ಲಿ ಸುತ್ತಿ ತರುತ್ತಿದ್ದರು. ಅಂಗಳದ ಗೋಡೆಗೆ ಇಪ್ಪತ್ತು, ಇಪ್ಪತ್ತೈದು ಬಂದೂಕು ಸಾಲಾಗಿ ಒರಗುತ್ತಿದ್ದವು. ಓಣಿಯ ತುಂಬ ಅಗಸೆ ಎಣ್ಣೆಯ ವಾಸನೆ. ಬಂದವರಿಗೆಲ್ಲ ಅವರ ಅವ್ವ ರೊಟ್ಟಿ ಬಡಿಯುತ್ತಿದ್ದರು. ಯಾರ ಬಂದೂಕು ಯಾವುದೆಂದು ಚೀಟಿ ಇರಲಿಲ್ಲ. ಕುಂದಾದ ಮೇಲೆ ಗಲ್ಲ ತಾಗಿ ನುಣುಪಾದ ಜಾಗ ನೋಡಿಯೇ ಕಾಳಪ್ಪ ಮಾಲೀಕನ ಹೆಸರು ಹೇಳುತ್ತಿದ್ದರಂತೆ.

"ಈಗ ತಿಂಗಳಿಗೆ ಮೂರು ಬಂದ್ರ ಹೆಚ್ಚು. ಇಲೆಕ್ಷನ್ ಬಂತಂದ್ರ ಎಲ್ಲಾರೂ ಠಾಣಾದಾಗ ಇಡಬೇಕಲ್ರಿ, ಅದಕ್ಕ ಮೊದಲ ಒಂದೀಟು ಎಣ್ಣಿ ಹಚ್ಚಿಸಿಕೊಂಡು ಹೋಗ್ತಾರ. ಅದ ನಮ್ಮ ಜಾತ್ರಿ," ಎಂದು ನಗುತ್ತಾರೆ.

ಹೊಟ್ಟೆ ಹೊರೆಯುವುದು ಹತ್ತಿಗೆ ಔಷಧ ಹೊಡೆಯುವ ಪಂಪುಗಳು. ಹಂಗಾಮಿನಲ್ಲಿ ದಿನಕ್ಕೆ ಎಂಟೋ ಹತ್ತೋ ಬರುತ್ತವೆ. ವಾಷರು ಬದಲಿಸಿ, ನಳಿಕೆ ತೊಳೆದು ಸಂಜೆಯ ಬಸ್ಸಿನೊಳಗೆ ಕೊಡಬೇಕು. ಔಷಧ ತಾಗಿ ತಾಗಿ ಎರಡೂ ಕೈಯ ಚರ್ಮ ಸುಲಿದಿದೆ. ಇತ್ತೀಚೆಗೆ ಎಡಗಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ. ನಳಿಗೆ ನೋಡುವುದು ಬಲಗಣ್ಣಿನಿಂದ, "ಅದಕ್ಕ ಇನ್ನಾ ಏನೂ ಆಗಿಲ್ರಿ" ಎಂದು ಎರಡು ಸಲ ಹೇಳುತ್ತಾರೆ.

ಅಂಗಡಿಯ ಹಿಂಗೋಡೆಗೆ ನಾಲ್ಕು ಕಟ್ಟಿಗೆಯ ಬಂದೂಕುಗಳು ತೂಗುತ್ತಿವೆ. ಒಂಟಿನಳಿಗೆ, ಜೋಡುನಳಿಗೆ, ರಿವಾಲ್ವರು, ಪಿಸ್ತೂಲು. ನಾಲ್ಕೂ ಬೇವಿನವು, ಯಾರೂ ಮೋಸಹೋಗದಂತೆ ನಡುವಿಗೆ ಅಗಲ ಸುಣ್ಣದ ಪಟ್ಟೆ. ಒಳಗೆ ಸೀಸ ಹೊಯ್ದು ನಿಜದ ಬಂದೂಕಿನಷ್ಟೇ ತೂಕ ಕೊಟ್ಟಿದ್ದಾರೆ. ಜೋಡುನಳಿಗೆ ಮೂರೂಕಾಲು ಕಿಲೋ, ಪಿಸ್ತೂಲು ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಯಾವ ಬಂದೂಕು ತಗೊಳ್ಳಲಿ ಎಂದು ಸಲಹೆ ಕೇಳಿ ಬಂದವರಿಗೆ ಮೋನಪ್ಪ ಬಾಯಲ್ಲಿ ಹೆಚ್ಚೇನೂ ಹೇಳುವುದಿಲ್ಲ. ಕಟ್ಟಿಗೆಯದು ಕೈಗೆ ಕೊಟ್ಟು, ಎಂಟು ದಿನ ಇದನ್ನು ಬಿಟ್ಟಿರದೆ ತಿರುಗಾಡಿ ಬನ್ನಿ ಎನ್ನುತ್ತಾರೆ. ಹೊಲಕ್ಕೆ, ಸಂತೆಗೆ, ಬೀಗರ ಮನೆಗೆ, ಎಲ್ಲಿಗೆ ಹೋದರೂ. ಠಾಣೆಯವರಿಗೂ ಈ ಪದ್ಧತಿ ಗೊತ್ತು.

"ಗಿರಾಕಿನ್ನ ಹೊಳ್ಳಿ ಮನಿಗೆ ಕಳಸೂ ದುಕಾನ ಇಡೀ ಜಿಲ್ಲಾದಾಗ ನಮ್ಮದೊಂದರೀ," ಎಂದು ಒಳಗಿನಿಂದ ಹೆಂಡತಿ ಕಸ್ತೂರಿ ಚುಚ್ಚುತ್ತಾರೆ. "ಎಂಟ ದಿನ ಆದಮ್ಯಾಲ ಹತ್ತರಾಗ ಎಂಟ ಮಂದಿ ಬಂದೂಕಿನ ಹೆಸರ ಎತ್ತಂಗಿಲ್ಲ."

ಆ ಎಂಟು ಮಂದಿಯಲ್ಲಿ ಒಬ್ಬರು ಈಗಷ್ಟೇ ಬಂದು ಕಟ್ಟೆಯ ಮೇಲೆ ಕೂತಿದ್ದಾರೆ. ಹುಣಸಗಿಯ ಹತ್ತಿ ವ್ಯಾಪಾರಿ ಶಿವರಾಜ. ಹತ್ತಿ ಹಂಗಾಮಿನಲ್ಲಿ ಚೀಲ ಹಿಡಿದು ಒಬ್ಬರೇ ಶಹಾಪುರದ ದಾರಿ ಓಡಾಡುವವರು. ಆತ್ಮರಕ್ಷಣೆಗೆ ಸೊಂಟದಲ್ಲಿ ಒಂದು ಇರಲಿ ಎಂದು ಅರ್ಜಿ ಹಾಕುವ ಮೊದಲು ಕೇಳಲು ಬಂದಿದ್ದರು. ರಿವಾಲ್ವರೋ ಪಿಸ್ತೂಲೋ ಎಂಬ ಪ್ರಶ್ನೆಗೆ ಮೋನಪ್ಪ ಅಂದು ಹೇಳಿದ್ದು ಇಷ್ಟೇ: "ರಿವಾಲ್ವರ್ ದಪ್ಪ, ಅಂಗಿ ಉಬ್ಬತದ, ಆದ್ರ ಅದರ ತೋಟಾದ, ಅಂದ್ರ ಗುಂಡಿನ, ಆರೂ ಮನಿ ಬಿಚ್ಚಿದ್ರ ಕಣ್ಣಿಗೆ ಕಾಣ್ತಾವ. ಪಿಸ್ತೂಲ್ ಚಪ್ಪಟಿ, ಕುಂಡ್ರಾಕ ಚೊಲೊ, ಆದ್ರ ತೋಟಾದ ಡಬ್ಬಿ ತೆಗದಮ್ಯಾಲೂ ನಳಿಗ್ಯಾಗ ಒಂದ ಉಳದಿರ್ತದ. ಖಾಲಿ ಅಂತ ಅನ್ಕೊಂಡವ್ರ ಕೈಯಾಗ ಸಿಡಿಯೂದು ಅದ. ನಿಮಗ ಮರವು ಹೆಂಗದ ಸಾವ್ಕಾರ್ರ?" ಮರೆವೇ ಇಲ್ಲವೆಂದು ಶಿವರಾಜ ಕಟ್ಟಿಗೆಯ ಪಿಸ್ತೂಲು ಒಯ್ದಿದ್ದರು. ಐದನೇ ದಿನಕ್ಕೇ ವಾಪಸ್ಸು ತಂದಿದ್ದಾರೆ.

"ಮೊದಲನೇ ದಿನ ಖುಷಿ ಇತ್ತು ಮಿಸ್ತ್ರಿ. ಮೀಸಿ ಮ್ಯಾಲ ಕೈ ಹೋಗ್ತಿತ್ತು," ಎಂದು ಶಿವರಾಜ ಶುರುಮಾಡುತ್ತಾರೆ. "ಎರಡನೇ ದಿನ ಟಂಟಂ ಆಟೊದಾಗ ಕುಂತ್ರ ಸೊಂಟಕ್ಕ ಒತ್ತಾಕ ಹತ್ತಿತು. ನಾಕನೇ ದಿನ ಗೋಗಿಗೆ ಮಗಳ ಮನಿಗೆ ಹೋದೆ. ಉಣ್ಣಾಕ ಕೂಡೂಮುಂದ ತೆಗದು ಹಾಸಿಗಿ ಮ್ಯಾಲ ಇಟ್ಟೆ. ಕೈ ತೊಳಕೊಂಡು ಬರೂದರಾಗ ಇಲ್ಲ! ಹುಡುಕಿ ಹುಡುಕಿ ನೋಡಿದ್ರ ನಾಕ ವರ್ಷದ ಮೊಮ್ಮಗಳು ಅದಕ್ಕ ಅರಿವಿ ಸುತ್ತಿ, ತೊಡಿ ಮ್ಯಾಲ ಹಾಕ್ಕೊಂಡು ಜೋಗುಳ ಹಾಡಾಕತ್ತಾಳ."

"ಕಟಿಗೀದಿತ್ತು, ಜೋಗುಳದಾಗ ಮುಗೀತು," ಎನ್ನುತ್ತಾರೆ ಮೋನಪ್ಪ.

ಶಿವರಾಜ ಎದ್ದು ಒಳಗೆ ಹೋಗುತ್ತಾರೆ. ಪಿಸ್ತೂಲನ್ನು ಮೊಳೆಗೆ ತೂಗುಹಾಕಿ ಬಂದು, ಇನ್ನು ಚೀಲವನ್ನು ಹಗಲಲ್ಲೇ ಸಾಗಿಸುವುದಾಗಿ, ಜೊತೆಗೊಬ್ಬರನ್ನು ಕರೆದೊಯ್ಯುವುದಾಗಿ ಹೇಳಿ ಹೊರಡುತ್ತಾರೆ. ಮಕ್ಕಳಿರುವ ಮನೆಯಲ್ಲಿ ಬಂದೂಕು ಬಚ್ಚಿಡುವ ಅಟ್ಟ ನಿಜಕ್ಕೂ ಎಷ್ಟು ಎತ್ತರ ಎಂಬುದು ಮಕ್ಕಳಿರುವವರಿಗೇ ಗೊತ್ತು. ಅದಕ್ಕೇ ಇರಬೇಕು, ಬಂದವರಿಗೆ ಮೋನಪ್ಪ ಕೇಳುವ ಮೊದಲ ಮಾತು ಶತ್ರು ಯಾರು ಎಂದಲ್ಲ, ಮನೆಯಲ್ಲಿ ಸಣ್ಣವರು ಎಷ್ಟು ಜನ ಎಂದು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಹಣಮಂತಮ್ಮ ಬರುತ್ತಾಳೆ. ನಲವತ್ತರ ಆಸುಪಾಸಿನ, ಗಟ್ಟಿ ದನಿಯ ಹೆಂಗಸು. ಜೊತೆಗೆ ಬಂದ ಪೇದೆ ಬಾಗಿಲ ಬಳಿ ಕುರ್ಚಿ ಎಳೆದುಕೊಳ್ಳುತ್ತಾನೆ. ಆಕೆಯ ಶೇಂಗಾ ಹೊಲ ಊರಿಂದ ದೂರ. ಇನ್ನು ಇಪ್ಪತ್ತು ದಿನಕ್ಕೆ ಬೆಳೆ ಕೀಳಬೇಕು. ಅಲ್ಲಿಯವರೆಗೆ ಜೋಪಡಿಯಲ್ಲಿ ಅತ್ತೆ ಮತ್ತು ಆಕೆ, ಇಬ್ಬರೇ.

"ಹಂದಿದು ಏನರೆ ಆಗವಲ್ದು ಕಾಕಾ, ಡಬ್ಬಿ ಬಡದ್ರ ಓಡ್ತಾವ," ಎನ್ನುತ್ತಾಳೆ. "ಎರಡ ಕಾಲಿನವು ಬರಾಕತ್ಯಾವಲ್ಲ, ಮೋಟರಿನ ವಾಯರ್ ಕೊಯ್ಯಾಕ. ಬಾಗಲದಾಗ ಬಂದೂಕ ಕಂಡ್ರ ಸಾಕ್ರಿ, ಹಾರಸೂ ಸುದ್ದಿನ ಬ್ಯಾಡ. ಬರದೀರೇನು?"

ಮೋನಪ್ಪ ಬೇರೆಯದೇ ಕೇಳುತ್ತಾರೆ. "ನಿನ್ನ ಗಂಡ ನಳಿಗಿ ಬಾಯಿಗೆ ಅರಿವಿ ತುರುಕ್ತಿದ್ದನೇನವ್ವಾ?"

"ಎಲ್ಲಾರೂ ತುರುಕ್ತಾರಲ್ರಿ. ಗ್ವಾಡಿಗೆ ತೂಗ ಹಾಕಿದ್ರ ಕುಂಬಾರ ಹುಳ ಹೊಕ್ಕು ಮಣ್ಣ ತುಂಬ್ತಾವ."

ನಿಜ. ಈ ಭಾಗದ ಬಂದೂಕುಗಳೆಲ್ಲ ಬಾಯಿಗೆ ಹಳೆ ಧೋತರದ ಚೂರು ಕಚ್ಚಿಕೊಂಡೇ ಗೋಡೆಯ ಮೇಲಿರುತ್ತವೆ. ತೆಗೆಯದೆ ಹಾರಿಸಿದರೆ ಹೊರಗೆ ದಾರಿ ಸಿಗದ ಒತ್ತಡ ನಳಿಗೆಯನ್ನೇ ಉಬ್ಬಿಸುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಮೋನಪ್ಪ ಹಣಮಂತಮ್ಮನ ಬೆರಳು ಹಿಡಿದು, ಬಲಗಡೆಯ ನಳಿಗೆಯ ಬಾಯಿಂದ ಗೇಣಿನಷ್ಟು ಹಿಂದಕ್ಕೆ ಮೆಲ್ಲಗೆ ಎಳೆಯುತ್ತಾರೆ. "ಇಲ್ಲಿ. ಬಳಿ ತೊಟ್ಟಂಗ ಅದ, ಹೌದಿಲ್ಲೊ?"

ಆಕೆಯ ಬೆರಳು ಅಲ್ಲೇ ನಿಲ್ಲುತ್ತದೆ. ಆಕೆ ಹೇಳುತ್ತಾಳೆ: "ಎರಡ ವರ್ಷದ ಹಿಂದ ಒಂದ ದಿನ ಹೊಲದಿಂದ ಬಂದ್ರು ನಮ್ಮವ್ರು. ಮೂರ ದಿನ ಕಿವಿ ಕೇಳ್ಲಿಲ್ರಿ. ಎಮ್ಮಿ ಒದರಿದ್ರೂ ಗೊತ್ತಿಲ್ಲ. ಕೇಳಿದ್ರ ಬಾಜೂಕ ಸಿಡ್ಲ ಹೊಡೀತು ಅಂದ್ರು. ಮಳಿನ ಇರ್ಲಿಲ್ಲ ಅವತ್ತು. ನಾ ಜಗಳಾ ಮಾಡಿದೆ, ಕುಡದ ಬಂದೀರಿ ಅಂತ."

"ನನ್ನ ಮುಂದರೆ ಹೇಳಬೇಕಿತ್ತು ಅವಾ," ಎನ್ನುತ್ತಾರೆ ಮೋನಪ್ಪ. "ನಾಚಿಕ್ಯಾಗಿರಬೇಕು."

ಹಣಮಂತಮ್ಮ ಸುಲಭಕ್ಕೆ ಬಿಡುವವಳಲ್ಲ. "ಎಡಗಡೀದು ಬರಾಬರ್ ಅದಲ್ರಿ ಕಾಕಾ? ಬಲಗಡೀದು ಮುಟ್ಟಂಗಿಲ್ಲ. ಆಣಿ ಮಾಡ್ತೀನಿ, ಬರೀರಿ."

"ಅಂಜಿಕಿ ಬಂದಾಗ ಬೆರಳಿಗೆ ಎಡ ಬಲ ಗೊತ್ತಾಗಂಗಿಲ್ಲವ್ವಾ."

"ನಿಮ್ಮಪ್ಪನ ಕೈಯಾಗಿನ ಕೆಲಸ ಇದು. ನಮ್ಮ ಮಾವ ಸಾಯೂತನಕಾ ಹೇಳ್ತಿದ್ದ, ಕಾಳಪ್ಪನ ಕುಂದಾ ಅಂತ. ನೀವ ಒಲ್ಲೆ ಅಂದ್ರ ಹೆಂಗ್ರಿ? ಇದು ಹೋದ್ರ ಇಬ್ಬರ ನೆನಪೂ ಹೋಗ್ತದ."

ಬಾಗಿಲಲ್ಲಿದ್ದ ಪೇದೆ ಕೂಡ ತಲೆ ಎತ್ತುತ್ತಾನೆ. ಮೋನಪ್ಪ ಕುಂದಾವನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಗಲ್ಲ ತಾಗುವ ಜಾಗದಲ್ಲಿ ಎರಡು ತಲೆಮಾರಿನ ನುಣುಪು. ಅಂಗೈಯಿಂದ ಒಮ್ಮೆ ಸವರುತ್ತಾರೆ. ಕಸ್ತೂರಿ ಒಳಬಾಗಿಲಿಗೆ ಬಂದು ನಿಂತಿದ್ದಾರೆ.

ಆಮೇಲೆ ಮೋನಪ್ಪ ಪೆನ್ನು ತೆಗೆದುಕೊಳ್ಳುತ್ತಾರೆ. ನಿಧಾನವಾಗಿ, ಒಂದೊಂದೇ ಅಕ್ಷರ. ಬಲನಳಿಗೆ ಉಬ್ಬಿದೆ. ದುರಸ್ತಿಗೆ ಬಾರದು. ಆಯುಧ ಬಳಕೆಗೆ ಯೋಗ್ಯವಲ್ಲ. ಕೆಳಗೆ ಸಹಿ.

"ಬ್ಯಾರೆ ಬಂದೂಕಿಗೆ ಅರ್ಜಿ ಹಾಕಿದ್ರ ಶೇಂಗಾ ಕೀಳೂದರಾಗ ಸಿಗ್ತದೇನ್ರಿ?" ಹಣಮಂತಮ್ಮ ಕೇಳುತ್ತಾಳೆ.

"ಸಿಗಂಗಿಲ್ಲ. ಸುಳ್ಳ ಯಾಕ ಹೇಳ್ಲಿ? ಈ ಹಂಗಾಮಿಗೆ ಬಾಜೂಕಿನ ಹೊಲದವ್ರನ್ನ ಕೂಡಿಸಿಕೊಂಡು ಕಾವಲಾ ಪಾಳಿ ಹಚ್ಚು. ಎರಡು ದೊಡ್ಡ ಬ್ಯಾಟರಿ ತಗೊ. ಮುಂದಿನ ಹಂಗಾಮಿಗೆ ನೋಡೂಣು. ಏಳು, ಕೈ ಚಾಚು."

ಆಕೆ ಗೊಂದಲದಿಂದಲೇ ಕೈ ಚಾಚುತ್ತಾಳೆ. ಮೋನಪ್ಪ ಮೊಣಕೈಯ ಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ದಾರ ಹಿಡಿದು ಅಳೆಯುತ್ತಾರೆ. ಕುಂದಾದ ಉದ್ದ ಅದಕ್ಕೆ ಹೊಂದಬೇಕು. ಇಷ್ಟು ದಿನ ಅವಳ ಮನೆಯಲ್ಲಿದ್ದದ್ದು ಗಂಡಸಿನ ತೋಳಿನ ಅಳತೆಯದು, ಆಕೆ ಎತ್ತಿ ಹಿಡಿದರೆ ಹೆಗಲು ಬಿಟ್ಟು ಕಂಕುಳಿಗೆ ಜಾರುತ್ತಿತ್ತು. "ನಿನಗ ಒಂಟಿನಳಿಗಿ ಸಾಕು. ಅರ್ಧ ಕಿಲೋ ಹಗರ. ಒಂದ ತೋಟಾ, ಒಂದ ಟ್ರಿಗರ್, ಗೊಂದಲ ಇಲ್ಲ. ಕಟಿಗೀದು ಇವತ್ತ ಒಯ್ಯಿ. ಎಂಟ ದಿನ ಹೊತ್ತು ನೋಡು. ಬ್ಯಾಡ ಅನಿಸಿದ್ರ ಬ್ಯಾಡ."

"ಮಂದಿ ನಗಂಗಿಲ್ಲೇನ್ರಿ, ಕಟಿಗಿ ಬಂದೂಕ ಹೊತ್ತು ತಿರಗಿದ್ರ?"

"ನಗಲಿ ಬಿಡು. ನಕ್ಕವ್ರನ್ನ ಪಾಳಿಗೆ ಕರಿ."

ಹಣಮಂತಮ್ಮನಿಗೆ ನಗು ಬರುತ್ತದೆ. ಸೆರಗಿನಿಂದ ಕಣ್ಣು ಒತ್ತಿಕೊಂಡು, ಕಟ್ಟಿಗೆಯ ಒಂಟಿನಳಿಗೆ ಹೊತ್ತು ಆಕೆ ಹೊರಡುತ್ತಾಳೆ. ಪೇದೆ ಗೋಣಿತಟ್ಟು ಬಿಚ್ಚಿ ಜೋಡುನಳಿಗೆಗೆ ಕೈ ಹಾಕಿದಾಗ ಮೋನಪ್ಪ ತಡೆಯುತ್ತಾರೆ. ಕುಂದಾಕ್ಕೆ ಪೂರ್ತಿ ಅಗಸೆ ಎಣ್ಣೆ ಹಚ್ಚಿ, ಮೆತ್ತನೆಯ ಅರಿವೆಯಿಂದ ತಿಕ್ಕಿ ಹೊಳಪು ಬರಿಸಲು ಅರ್ಧ ತಾಸು ಹಿಡಿಯುತ್ತದೆ. ನಾಶಕ್ಕೆ ಹೋಗುವುದರ ಈ ಉಪಚಾರ ಮುಗಿಯುವತನಕ ಪೇದೆ ಮತ್ತೆ ಕುರ್ಚಿಯಲ್ಲಿ ಕೂತು ಕಾಯುತ್ತಾನೆ.

ಅವರೆಲ್ಲ ಹೋದ ಮೇಲೆ, ಕೊಡುವ ಮೊದಲು ಕುಂದಾದ ಒಂದು ಫೋಟೊ ಆದರೂ ತೆಗೆದಿಟ್ಟುಕೊಳ್ಳಬಹುದಿತ್ತು ಎಂದು ನಾನು ಹೇಳುತ್ತೇನೆ. ಮೋನಪ್ಪ ಆಗಲೇ ಒಂದು ಔಷಧದ ಪಂಪನ್ನು ಬಿಚ್ಚಿ ಮುಂದೆ ಹರವಿಕೊಂಡಿದ್ದಾರೆ.

"ಫೋಟೊ ಏನ್ ಮಾಡೂದ್ರಿ? ಐವತ್ತೊಂದು ವರ್ಷ ಆತು," ಎನ್ನುತ್ತಾರೆ, ವಾಷರು ಹುಡುಕುತ್ತ. "ನನ್ನ ಕೈಯಿಂದ ಹೊರಗ ಹೋದ ಬಂದೂಕ ಯಾರದೂ ಒಂದ ಬೆರಳ ಒಯ್ದಿಲ್ಲ. ನನ್ನ ಹೆಸರ ಬರೀದಿದ್ರೂ ನಡೀತದ, ಅದಿಷ್ಟ ಬರೀರಿ."